ಬೆಂಡೆ ಗಿಡಕ್ಕೆ ಹಳದಿ ಹಲಗೆ

ಕಳೆದ ತಿಂಗಳು ನಮ್ಮ ತಾರಸಿಯಲ್ಲಿ ಸಾಮೂಹಿಕ ಕೊಲೆ ನಡೆಯಿತು. ಮಾಡಿದವನು ನಾನೇ. ಸತ್ತವರು ನಮ್ಮ ಕಡೆಯವರೇ.

ಮಲಯಾಳಂ ನಾಡಿನ ಕಳಕ್ಕೂಟಂನಲ್ಲಿರುವ ನಮ್ಮ ಫ್ಲ್ಯಾಟಿನ ತಾರಸಿಯಲ್ಲಿ ಹೆಂಡತಿ ಸುಧಾ ಕುಂಡಗಳಲ್ಲಿ ಬೆಂಡೆ ಹಾಕಿದ್ದಾಳೆ. ಅನುಮತಿ ಸುಲಭಕ್ಕೆ ಸಿಕ್ಕಿದ್ದಲ್ಲ. ಅಸೋಸಿಯೇಷನ್ ಸೆಕ್ರೆಟರಿ ಭಾಸ್ಕರೇಟ್ಟನ್ ಏಲೂರಿನ ಕಾರ್ಖಾನೆಯೊಂದರಲ್ಲಿ ಕೀಟನಾಶಕ ತಯಾರಿಸಿಯೇ ರಿಟೈರ್ ಆದವರು. ಪಕ್ಕದಲ್ಲೇ ನೀರಿನ ಟ್ಯಾಂಕ್ ಇದೆ, ಒಂದು ಹನಿ ವಿಷ ಹೊಡೆದರೂ ಕುಂಡಗಳನ್ನು ಇಳಿಸಬೇಕು ಎಂದಿದ್ದರು. (ತಯಾರಿಸಿದವರಿಗಿಂತ ಚೆನ್ನಾಗಿ ಅದನ್ನು ಇನ್ಯಾರು ಬಲ್ಲರು?) ಹಾಗಂತ ಹುಳ ತುಂಬಿಕೊಂಡರೂ ಬಿಡುವವರಲ್ಲ, ಆಗಲೂ ತಾರಸಿ ಖಾಲಿ ಮಾಡಬೇಕು.

ಹುಳ ಬಂದೇ ಬಂತು. ಕಾಯಿಕೊರಕ. ಸುಧಾ ಗಾಬರಿಯಾಗಲಿಲ್ಲ. ಕೃಷಿ ಕಚೇರಿಯಿಂದ ಸಣ್ಣ ಮೊಟ್ಟೆಗಳನ್ನು ಅಂಟಿಸಿದ ಒಂದು ಕಾರ್ಡ್ ತಂದು ಎಲೆಯ ಅಡಿಗೆ ಕಟ್ಟಿದಳು. ಅದರಿಂದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜಗಳು ಹೊರಬರುತ್ತವಂತೆ. ಪತಂಗ ಇಟ್ಟ ಮೊಟ್ಟೆ ಹುಳವಾಗುವ ಮೊದಲೇ ಮುಗಿಸುತ್ತವಂತೆ. ಜೊತೆಗೆ ತೂತು ಬಿದ್ದ ಕಾಯಿಗಳನ್ನು ದಿನಾ ಕೈಯಿಂದ ಕಿತ್ತುಹಾಕಬೇಕು. ಉಳಿದದ್ದು ಕಾಯುವುದು.

ಕಾಯುವುದು? ಸಾಫ್ಟ್‌ವೇರ್‌ನವನು? ಸ್ಕ್ರೀನ್ ತೆರೆಯದಿದ್ದರೆ ಅದೇ ಬಟನ್ ಮತ್ತೆ ಮತ್ತೆ ಒತ್ತುವ ಜಾತಿ ನಮ್ಮದು. ಆಫೀಸಿಗೆ ಹೋಗುವಾಗ ಮೆಟ್ಟಿಲು ಹತ್ತಿದೆ, ಬಂದ ಮೇಲೂ ಹತ್ತಿದೆ. ಏನೂ ಕಾಣಲಿಲ್ಲ. ಇಂಟರ್‌ನೆಟ್ ಜಾಲಾಡಿದೆ. ಹಳದಿ ಹಲಗೆಗೆ ಹರಳೆಣ್ಣೆ ಬಳಿದು ತೂಗುಹಾಕಿದರೆ ಕೀಟಗಳು ಬಂದು ಅಂಟಿಕೊಳ್ಳುತ್ತವಂತೆ. ಒಂದು ಉಪಾಯಕ್ಕಿಂತ ಎರಡು ವಾಸಿಯಲ್ಲವೇ? ಸುಧಾ ಬ್ಯಾಂಕಿಗೆ ಹೋದಾಗ ಕುಂಡಕ್ಕೊಂದು ಕಟ್ಟಿಬಿಟ್ಟೆ.

ಕೆಲವೇ ದಿನಗಳಲ್ಲಿ ಹಲಗೆ ತುಂಬ ಚುಕ್ಕಿಗಳು. ಹೆಮ್ಮೆಯಿಂದ ತೋರಿಸಿದೆ. ಅವಳು ಭೂತಗನ್ನಡಿ ಹಿಡಿದು ನೋಡಿದಳು. ಮುಖ ಸಪ್ಪಗಾಯಿತು.

“ರೀ, ಇದರಲ್ಲಿ ಅರ್ಧ ನಮ್ಮ ಕಣಜಗಳೇ. ನಾನು ಬಿಡೋದು, ನೀವು ಹಿಡಿಯೋದಾ?”

ನಾಚಿಕೆಯಾಯಿತು. ಹಲಗೆಗಳು ಇಳಿದವು, ಹೊಸ ಕಾರ್ಡ್ ಬಂತು. ಆದರೂ ಕೈ ಸುಮ್ಮನಿರಬೇಕಲ್ಲ? ಪತಂಗ ಹೊಡೆಯಲೆಂದು ಸೊಳ್ಳೆ ಬ್ಯಾಟ್ ಹಿಡಿದು ಮೆಟ್ಟಿಲು ಹತ್ತುವಾಗ ಭಾಸ್ಕರೇಟ್ಟನ್ ಕಣ್ಣಿಗೆ ಬಿದ್ದೆ. ಎಲ್ಲಿಗೆ ಎಂದು ಕೇಳಿದರು. ನಾನು ವಾಪಸ್ ಇಳಿದೆ.

ಮೊನ್ನೆ ಭಾನುವಾರ ಅವರು ತಪಾಸಣೆಗೆ ಬಂದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಬೆಂಡೆಯ ತುದಿ ಮುರಿದರು, ಸೀಳಿ ನೋಡಿದರು. ಹುಳವಿಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ಸುಧಾ ಆಗ ಉಸಿರು ಬಿಟ್ಟಳು.

“ಮೋಳೇ, ಕೃಷಿ ನಡೆಯಲಿ” ಎಂದರು ತಮ್ಮ ಮಲಯಾಳಂನಲ್ಲಿ, ಸುಧಾಳನ್ನು ಮಗಳೇ ಎಂದು ಕರೆದು. ಆಮೇಲೆ ನನ್ನತ್ತ ನೋಡಿ, “ಸಾರ್ ಮಾತ್ರ ಕೆಳಗೇ ಇರಲಿ.”

ಈಗ ತಾರಸಿಯ ಬೀಗದ ಕೈ ಸುಧಾಳ ಪರ್ಸ್‌ನಲ್ಲಿದೆ. ನೀವೇ ಹೇಳಿ, ಇದು ಕೀಟ ನಿಯಂತ್ರಣವಲ್ಲದೆ ಮತ್ತೇನು?