ಮನೆಯಲ್ಲಿ ಓದಿಕೊಳ್ಳಿ ಎಂದ ಪಾಠ

ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠಕ್ಕೆ ನಾನು ದಾಸವಾಳ ಹಿಡಿದುಕೊಂಡು ಹೋಗುತ್ತಿದ್ದೆ. ಎಸಳು ಬಿಡಿಸಿ, ಅಂಡಾಶಯವನ್ನು ಬ್ಲೇಡಿನಿಂದ ಸೀಳಿ, ಬೆಂಚು ಬೆಂಚಿಗೂ ತೋರಿಸಿ ಎರಡು ಪೀರಿಯಡ್ ಹೂವಿನಲ್ಲೇ ಕಳೆಯುತ್ತಿದ್ದೆ. ಮನುಷ್ಯರ ಚಿತ್ರವಿರುವ ಪುಟ ಬಂದ ಕೂಡಲೇ, "ಮುಂದಿನದು ಮನೆಯಲ್ಲಿ ಓದಿಕೊಳ್ಳಿ" ಎಂದುಬಿಡುವುದು. ವಿಟ್ಲದಲ್ಲಿ ನನಗೆ ಕಲಿಸಿದ ಮಾಷ್ಟ್ರೂ ಹಾಗೇ ಮಾಡಿದ್ದರು. ಮೂಡುಬಿದಿರೆಯ ಶಾಲೆಯಲ್ಲಿ ನಾನು ಆ ಸಂಪ್ರದಾಯವನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದೆ.

ನನ್ನ ಗಂಡ ದುಬೈಯಲ್ಲಿ. ಬಂಟ್ವಾಳದ ಮನೆಗೆ ವರ್ಷಕ್ಕೊಮ್ಮೆ ಮೂವತ್ತು ದಿನದ ರಜೆಯಲ್ಲಿ ಬರುತ್ತಿದ್ದರು. ಮದುವೆಯಾಗಿ ಮೂರು ವರ್ಷವಾದರೂ ಮಗುವಾಗಲಿಲ್ಲವೆಂದು ಅತ್ತೆ ಜ್ಯೋತಿಷಿಗಳಲ್ಲಿ ಕೇಳಿಸಿದರು. ನಾಗದೋಷ ಉಂಟು ಎಂದಾಯಿತು. ಅಲ್ಲಿಂದ ಪ್ರತಿ ರಜೆಗೂ ಒಂದು ಪೂಜೆ. ದಂಪತಿ ಜೊತೆಯಾಗಿ ಕೂರಬೇಕು, ಮುಟ್ಟು ಅಡ್ಡ ಬರಬಾರದು. ಹಾಗಾಗಿ ಅತ್ತೆ ನನ್ನ ಐದನೇ ದಿನದ ಸ್ನಾನದಿಂದ ಎಣಿಸಿ, ಒಂಬತ್ತು ಹತ್ತು ದಿನ ಬಿಟ್ಟು ಪೂಜೆ ಇಡುತ್ತಿದ್ದರು. ಅದಕ್ಕೆ ಮೊದಲಿನ ವಾರವಿಡೀ ವ್ರತ: ಒಪ್ಪೊತ್ತು ಊಟ, ಬೇರೆ ಬೇರೆ ಚಾಪೆ. ಪೂಜೆ ಮುಗಿದ ಮೇಲೆ ಬೆಳ್ತಂಗಡಿಯ ನಾದಿನಿ ಮನೆ, ಅವರಿವರ ಮನೆ ಊಟ, ಆಮೇಲೆ ವಿಮಾನ.

ಹೀಗೆ ಐದು ರಜೆಗಳು ಕಳೆದವು. ಮೂವತ್ತೇಳನೇ ಪ್ರಾಯಕ್ಕೆ ನಾನು ಡಾಕ್ಟರಮ್ಮನ ಎದುರು ಕುಳಿತೆ. ಅವರು ತಾರೀಕುಗಳನ್ನು ಕೇಳಿ ಬರೆದುಕೊಂಡರು. ಗರ್ಭ ನಿಲ್ಲುವುದು ಎರಡು ಮುಟ್ಟುಗಳ ನಡುವಿನ ಐದಾರು ದಿನಗಳಲ್ಲಿ ಮಾತ್ರ ಎಂದು ಹೇಳುತ್ತಾ ಹೋದವರು, ವ್ರತದ ವಾರ ಪ್ರತಿ ಸಲವೂ ಅದೇ ದಿನಗಳಿಗೆ ಬೀಳುತ್ತಿತ್ತೆಂದು ತಿಳಿದಾಗ ಪೆನ್ನು ಕೆಳಗಿಟ್ಟರು.

"ನೀವು ಕೆಲಸಕ್ಕೆ ಹೋಗ್ತೀರಾ?"

"ಟೀಚರ್."

"ಯಾವ ಸಬ್ಜೆಕ್ಟು?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. "ವಿಜ್ಞಾನ" ಎಂದೆ.

ಅವರು ನಗಲಿಲ್ಲ. "ಮೊದಲೇ ಬಂದಿದ್ದರೆ ಖಂಡಿತ ಆಗ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಪ್ರಾಯ ಕಾಯುವುದಿಲ್ಲ. ಯಜಮಾನರಿಗೂ ಪರೀಕ್ಷೆ ಆಗಬೇಕು" ಎಂದರು.

ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಡೋತ್ಪತ್ತಿ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ನನಗೆ ಬಾಯಿಪಾಠ. ಎರಡನೇ ಪೂಜೆಯ ಹೊತ್ತಿಗೆ ಬೆರಳು ಮಡಚಿ ಎಣಿಸಿ ನೋಡಿದ್ದೆ ಕೂಡ. ಆದರೆ ಅದೇ ವಾರ ಗಂಡನ ಜೊತೆ ಮಲಗಬೇಕೆಂದು ಅತ್ತೆಗೆ ಯಾವ ಬಾಯಲ್ಲಿ ಹೇಳುವುದು? ಗಂಡನಿಗೂ ಹೇಳಲಿಲ್ಲ. ಹೇಳದೆ ಇದ್ದು, ಒಳಗೊಳಗೇ ಅತ್ತೆಯ ಮೇಲೆ ಹಲ್ಲು ಕಡಿಯುತ್ತಿದ್ದೆ.

ಗಂಡನ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಆಮೇಲಿನ ಎರಡು ರಜೆಗಳಲ್ಲಿ ಪೂಜೆಯಿರಲಿಲ್ಲ, ಮದ್ದು ಇತ್ತು. ಮಗುವಾಗಲಿಲ್ಲ. ಇನ್ನು ಆಶೆ ಇಟ್ಟುಕೊಳ್ಳುವುದು ಬೇಡವೆಂದು ಡಾಕ್ಟರಮ್ಮ ಹೇಳಿದ ದಿನ ಮನೆಗೆ ಬಂದು, ಹಲಸಿನ ಬೀಜ ಸುಲಿಯುತ್ತಿದ್ದ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಸಿಟ್ಟಿನಲ್ಲೇ ಹೇಳಿದೆ. ಅವರೂ ಸಿಟ್ಟಾಗುತ್ತಾರೆಂದು ಕಾದೆ.

ಅತ್ತೆ ಚೂರಿ ಬದಿಗಿಟ್ಟು ನನ್ನ ಮುಖ ನೋಡಿದರು. "ನೀನು ಕಲಿತವಳು ಮಗಾ. ಒಂದು ಮಾತು ಹೇಳಬಾರದಿತ್ತಾ? ಪೂಜೆಯನ್ನು ಆಚೆ ವಾರಕ್ಕೆ ಇಡ್ತಿದ್ದೆ. ನಾಗ ಬೇಡ ಅಂತಿದ್ದನಾ?"

ಇಷ್ಟು ವರ್ಷ ಸಾಕಿಕೊಂಡ ಸಿಟ್ಟಿಗೆ ಅಂದು ನಿಲ್ಲಲು ಜಾಗವೇ ಇಲ್ಲದಂತಾಯಿತು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆ ವರ್ಷ ಆ ಪುಟವನ್ನು ತರಗತಿಯಲ್ಲೇ ಓದಿಸಿದೆ. ಹಲಗೆಯ ಮೇಲೆ ಬರೆದ ಚಿತ್ರ ಸೊಟ್ಟಗಾಯಿತು. ಹುಡುಗರು ಐದು ನಿಮಿಷ ನಕ್ಕು ಸುಮ್ಮನಾದರು. ತಿಂಗಳ ದಿನಗಳು, ಪ್ರಾಯ, ಗಂಡಸರಿಗೂ ಪರೀಕ್ಷೆ ಬೇಕಾಗುವುದು, ಎಲ್ಲವನ್ನೂ ಹೇಳಿದೆ. ಬೆಲ್ ಆದ ಮೇಲೆ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಅವಳ ಅಕ್ಕನಿಗೆ ಮದುವೆಯಾಗಿ ಎರಡು ವರ್ಷ, ಭಾವ ಕುವೈತಿನಲ್ಲಿ.

"ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ಬೈತಾರೆ ಟೀಚರ್."

"ಬೈದರೆ ಬೈಯಲಿ, ಹೇಳು" ಎಂದೆ. "ನಾನು ಹೇಳಲಿಲ್ಲ. ನನಗೆ ಯಾರೂ ಬೈಯಲೂ ಇಲ್ಲ, ಮಕ್ಕಳೂ ಇಲ್ಲ."