ಬಿಳಿ ದಾರದ ಪೆನ್‌ಡ್ರೈವ್

ಅವರ ಎಡಗೈಯ ಕಿರುಬೆರಳು ಯಾವಾಗಲೂ ನೆಟ್ಟಗೆ ನಿಂತಿರುತ್ತಿತ್ತು. ಕಾಫಿ ಲೋಟ ಹಿಡಿದಾಗ, ಕೈಮುಗಿದಾಗ, ಯಾರನ್ನಾದರೂ ಬೈಯುವಾಗ ಕೂಡ. ಮೂವತ್ತು ವರ್ಷ ಟೈಪ್‌ರೈಟರಿನ ‘ಎ’ ಕೀಲಿಯನ್ನು ಕುಟ್ಟಿದ ಆ ಬೆರಳು, ಇನ್ನು ಯಾರಿಗೂ ತಲೆಬಾಗುವುದಿಲ್ಲವೆಂದು ತೀರ್ಮಾನಿಸಿದಂತಿತ್ತು.

ಶಿಡ್ಲಘಟ್ಟದಲ್ಲಿ ಎಲ್ಲರಿಗೂ ಅವರು ಟೈಪಿಂಗ್ ಮೇಷ್ಟ್ರು. ಟೈಪಿಂಗ್ ಕಲಿಯಲು ಬರುವವರು ನಿಂತುಹೋದಾಗ ಯಂತ್ರಗಳಿಗೆ ಅರಿಶಿನ ಕುಂಕುಮವಿಟ್ಟು ಮೂಲೆಗೆ ಸರಿಸಿ, ಅದೇ ಕೋಣೆಯಲ್ಲಿ ಮಲಗಿದ ಕಂಪ್ಯೂಟರುಗಳನ್ನು ಎಬ್ಬಿಸುವ ಕೆಲಸ ಹಿಡಿದರು. ಗೋಡೆಯ ಮೊಳೆಗಳಿಂದ ಪೆನ್‌ಡ್ರೈವ್‌ಗಳು ರೇಷ್ಮೆ ದಾರದಲ್ಲಿ ನೇತಾಡುತ್ತಿದ್ದವು. ಕೆಂಪು ದಾರದ್ದು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಲು. ಬಿಳಿ ದಾರದ್ದು ಒಳಗಿನ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನ ಬಲದಿಂದಲೇ ಕಂಪ್ಯೂಟರನ್ನು ಎಬ್ಬಿಸಿ ಫೈಲುಗಳನ್ನು ಹೊರತರಲು. “ಕೆಂಪಿಗೆ ಕೈ ಹಾಕೋದು ಕೊನೇಲಿ” ಎಂಬುದು ಆ ಕೋಣೆಯ ಸಂವಿಧಾನ.

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಸಾದಲಿ ಕಡೆ ರೇಷ್ಮೆಹುಳು ಸಾಕುವ ಹೆಂಗಸರ ಮಾತನ್ನು ಎಂಟು ವರ್ಷ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದೆ. ಅವರಲ್ಲಿ ಕೆಲವರು ಈಗಿಲ್ಲ. ಒಂದು ಸೋಮವಾರ ಕಂಪ್ಯೂಟರು ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ವಾಕ್ಯ ತೋರಿಸಿ ಮೌನವ್ರತ ಹಿಡಿಯಿತು. ಹೊತ್ತುಕೊಂಡು ಅವರಲ್ಲಿಗೆ ಓಡಿದೆ.

“ಬಿಳೀದು ಚಿಂತಾಮಣಿಗೆ ಹೋಗೈತೆ. ಹೊಸದು ಮಾಡಣ. ಪೆನ್‌ಡ್ರೈವ್ ತಂದಿದೀರಾ?”

ಮನೆಯ ಡ್ರಾಯರಿನಲ್ಲಿ ಸಿಕ್ಕಿದ್ದನ್ನು ಕೊಟ್ಟೆ.

“ಖಾಲಿನಾ?”

“ಖಾಲಿ ಸಾರ್.”

“ಖಾಲಿನಾ?”

“ಖಾಲೀನೇ.”

“ಕನ್ನಡ ಮೇಷ್ಟ್ರೇ, ಮೂರನೇ ಸಲ ಕೇಳ್ತಿದೀನಿ. ಖಾಲಿನಾ?”

“ಇದೇನ್ ಸಾರ್, ಕೋರ್ಟಾ? ಖಾಲಿ ಅಂದ್ನಲ್ಲ!”

ಆದರೂ ಅವರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಂದೋ ನಾನೇ ಮಾಡಿಟ್ಟು ಮರೆತಿದ್ದ ನಕಲು, ಸಾದಲಿಯ ಅರ್ಧದಷ್ಟು ರೆಕಾರ್ಡಿಂಗು, ಅದರಲ್ಲಿತ್ತು. ಕಂಪ್ಯೂಟರನ್ನು ಎಬ್ಬಿಸುವ ಬಲ ತುಂಬುವುದಕ್ಕೆ, ಅಂದರೆ ಬೂಟಬಲ್ ಮಾಡುವುದಕ್ಕೆ, ಮೊದಲು ಪೆನ್‌ಡ್ರೈವನ್ನು ಪೂರ್ತಿ ಅಳಿಸಬೇಕು. ನಾನು ಎದ್ದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

“ಕೂತ್ಕೊಳ್ಳಿ” ಎಂದರು. “ನನ್ ಮಗಳ ಮದ್ವೆ ಫೋಟೋನೆಲ್ಲ ಹಿಂಗೇ ನಾನೇ ಅಳಿಸ್ದೆ. ಖಾಲಿ ಅಂತ ನಂಗೆ ನಾನೇ ಹೇಳ್ಕೊಂಡು. ಆವತ್ತಿಂದ ಯಾರ ಮಾತೂ ನಂಬಲ್ಲ. ನಂದಂತೂ ನಂಬೋದೇ ಇಲ್ಲ.”

ಮಗಳು ಆರು ತಿಂಗಳು ಮಾತುಬಿಟ್ಟಿದ್ದಳಂತೆ. ಆಮೇಲೆ ನೆಂಟರಿಷ್ಟರ ಫೋನುಗಳಿಂದ ಒಂದೊಂದೇ ಫೋಟೋ ಬೇಡಿ ಕೂಡಿಸಿದಳಂತೆ.

ಎದುರಂಗಡಿಯಿಂದ ಹೊಸ ಪೆನ್‌ಡ್ರೈವ್ ತಂದೆ. ಪೊಟ್ಟಣ ಒಡೆಯದ ಅದಕ್ಕೂ ಮೂರು ಪ್ರಶ್ನೆಗಳ ವಿಚಾರಣೆ ನಡೆಯಿತು. ಅದನ್ನು ಬೂಟಬಲ್ ಮಾಡಿ, ಬಿಳಿ ದಾರ ಕಟ್ಟಿ, ನನ್ನ ಕಂಪ್ಯೂಟರಿಗೆ ಚುಚ್ಚಿದರು. ಏಳಲಿಲ್ಲ. ನಾನು ಮುಖ ಮುಚ್ಚಿಕೊಂಡೆ.

“ಎಳೆ ಸಿಗ್ಲಿಲ್ಲ ಅಂತ ರೇಷ್ಮೆ ಗೂಡು ಎಸೀಬೇಡಿ ಮೇಷ್ಟ್ರೇ. ತುದಿ ಎಲ್ಲೋ ಇರ್ತದೆ” ಎಂದು ಸೆಟ್ಟಿಂಗಿನಲ್ಲಿ ಏನನ್ನೋ ಬದಲಿಸಿದರು. ಈ ಸಲ ಎದ್ದಿತು. ಮೊದಲ ಫೈಲು ಒತ್ತಿದಾಗ, ತೀರಿಹೋಗಿದ್ದ ಸಾದಲಿಯ ಅಜ್ಜಿಯೊಬ್ಬರು ಗದರಿಸಿದರು: “ಏಮಪ್ಪಾ, ಹುಳ ಹಣ್ಣಾಗಿ ಗೂಡು ಕಟ್ಲಿ ತಡಿ, ಆಮೇಲೆ ಮಾತಾಡಣ!”

“ಆಗ್ಲಮ್ಮಾ” ಎಂದು ಮೇಷ್ಟ್ರು ಪರದೆಗೆ ಕೈಮುಗಿದರು.

ಆ ಪೆನ್‌ಡ್ರೈವನ್ನು ಅವರು ಗೋಡೆಯ ಮೊಳೆಗೆ ನೇತುಹಾಕಲಿಲ್ಲ. “ನಿಮ್ಮತ್ರಾನೇ ಇರ್ಲಿ. ಕಲ್ತ್ಕೊಳ್ಳಿ.” ಮೂವತ್ತು ವರ್ಷ ಪರರಿಗೆ ಪಾಠ ಹೇಳಿದವನು ಒಂದು ಮಳೆಗಾಲ ಅವರ ಸ್ಟೂಲಿನ ಮೇಲೆ ವಿದ್ಯಾರ್ಥಿಯಾಗಿ ಕೂತೆ.

ಕಳೆದ ವರ್ಷ ಮೇಷ್ಟ್ರು ಹೋದರು. ತಿಂಗಳು ಕಳೆದ ಮೇಲೆ ಅವರ ಮಗಳು ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು.

“ಅಂಕಲ್, ಮದ್ವೆ ಫೋಟೋ ಎಲ್ಲ ಇದ್ರಲ್ಲೇ ಐತೆ. ಆನ್ ಆಗ್ತಿಲ್ಲ. ಅಂಗಡೀಲಿ ಫಾರ್ಮ್ಯಾಟ್ ಮಾಡ್ಬೇಕು ಅಂತಾರೆ.”

ಫೋಟೋ ತುಂಬಿಸಿಕೊಳ್ಳಲು ಒಂದು ಪೆನ್‌ಡ್ರೈವನ್ನೂ ತಂದಿದ್ದಳು. ಅದರಲ್ಲಿ ಅಳಿಸುವ ಕೆಲಸವೇನೂ ಇರಲಿಲ್ಲ. ಆದರೂ ಆ ಕೋಣೆಯ ಸಂವಿಧಾನ ಸಂವಿಧಾನವೇ, ಮೂರು ಸಲ ಕೇಳಲೇಬೇಕು. “ಖಾಲಿನಾಮ್ಮ?” ಎಂದೆ. ಎರಡನೆಯ ಸಲಕ್ಕೆ ಅವಳ ಕಣ್ಣು ತುಂಬಿತು, ಮೂರನೆಯದಕ್ಕೆ ನಕ್ಕಳು. “ಅಪ್ಪ ಕೇಳ್ದಂಗೇ ಕೇಳ್ತೀರಲ್ಲ ಅಂಕಲ್!”

ಬಿಳಿ ದಾರದ್ದನ್ನು ಚುಚ್ಚಿದೆ. ಲ್ಯಾಪ್‌ಟಾಪ್ ಎದ್ದಿತು. ಯಾರೋ ನೆಂಟರು ಸೊಟ್ಟಗೆ ತೆಗೆದ ಮೊದಲ ಫೋಟೋದಲ್ಲಿ ಮದುಮಗಳ ಅರ್ಧ ಮುಖ, ಛತ್ರದ ಒಂದು ಕಂಬ, ಧಾರೆಯ ಚೊಂಬು ಹಿಡಿದ ಎರಡು ಕೈ. ಯಾರ ಕೈಯೆಂದು ನಾನು ಕೇಳಲಿಲ್ಲ. ಎಡಗೈಯ ಕಿರುಬೆರಳು ನೆಟ್ಟಗೆ ನಿಂತಿತ್ತು.