ಹದಿನೇಳನೆಯ ಬಾವಿಯ ನಾಲ್ಕು ತಿಂಗಳು

ಆ ನಾಲ್ಕು ಅಂಕಿಗಳನ್ನು ಬರೆದವಳು ನಾನು. ಜಯಂತ ಅಲ್ಲ. ಒಂಬತ್ತು ವರ್ಷಗಳಿಂದ ಸರ್ಕಾರಿ ಕಚೇರಿಯೊಂದರ ಕಡತದಲ್ಲಿ ಅವನು ಬರೆದದ್ದೆಂದು ಇದೆ. ಹಾಗೆಂದು ಅಲ್ಲಿ ಸೇರಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಹೇಳುತ್ತಾ ಹೋದರೆ ನನ್ನ ಪರವಾಗಿ ಒಂದೆರಡು ಮಾತು ಎಲ್ಲಾದರೂ ನುಸುಳಿಬಿಡುತ್ತದೆ — ಮೂವತ್ತು ವರ್ಷ ಪಾಠ ಮಾಡಿದ ನಾಲಗೆ, ನಂಬುವಂತಿಲ್ಲ.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಸರ್ಕಾರದ ಅನುದಾನದಲ್ಲಿ ಮೂರು ವರ್ಷದ ಒಂದು ಸಂಶೋಧನೆ ಸಿಕ್ಕಿತು. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಮೂವತ್ತು ಮನೆಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಪ್ರತಿ ತಿಂಗಳು ಅಳೆಯಬೇಕು; ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕಳಿಸಬೇಕು. ಅಳೆಯಲು ಜಯಂತನನ್ನು ನೇಮಿಸಿಕೊಂಡೆ. ಬೆಳ್ತಂಗಡಿ ಕಡೆಯವನು, ನನ್ನ ವಿದ್ಯಾರ್ಥಿಯೇ. ಎಂ.ಎಸ್ಸಿ. ಮುಗಿಸಿದ್ದ, ಇವೇ ಬಾವಿಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ ಅವನಿಗೆ. ಹಳೆಯ ಬೈಕು, ಅಳತೆಯ ಟೇಪು, ಉದ್ದನೆಯ ಒಂದು ನೋಟ್‌ಬುಕ್ಕು. ಬರೀ ಅಂಕಿ ಬರೆದು ಸುಮ್ಮನಾಗುವವನಲ್ಲ. ಪಂಪು ನಿಲ್ಲಿಸಿ ಎಷ್ಟು ಹೊತ್ತಾಯಿತು, ಬಾವಿಗೆ ಬೆಕ್ಕು ಬಿದ್ದಿತ್ತೇ, ಎಲ್ಲ ಬರೆಯುತ್ತಿದ್ದ.

“ಬಾವಿಯ ಜಾತಕವನ್ನೂ ಬರಿ ಮಾರಾಯ” ಎಂದು ನಾನು ಗೇಲಿ ಮಾಡಿದ್ದುಂಟು.

“ಅದೂ ಉಂಟು ಮೇಡಂ, ತೋಡಿದ ವರ್ಷ ಕೇಳಿ ಬರ್ದಿದ್ದೇನೆ” ಎಂದಿದ್ದ.

ಹದಿನೇಳನೆಯ ಬಾವಿ ಪಾಣೆಮಂಗಳೂರಿನಲ್ಲಿ, ಐಸಮ್ಮನ ಮನೆಯ ಹಿಂದೆ. ಅಡುಗೆಮನೆಯ ಬಾಗಿಲ ಮುಂದಿನಿಂದಲೇ ಅಲ್ಲಿಗೆ ಹೋಗಬೇಕು. ಎರಡನೆಯ ವರ್ಷ ಐಸಮ್ಮನ ಗಂಡ ತೀರಿಕೊಂಡರು. ಐಸಮ್ಮ ಇದ್ದತ್ತಿಗೆ ಕೂತರು — ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಮಗ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜಯಂತ ಗೇಟಿನಿಂದಲೇ ಹಿಂದೆ ಬಂದ. ಯಾರೂ ಅವನನ್ನು ತಡೆದಿರಲಿಲ್ಲ. ಮರುದಿನ ಕಾಲೇಜಿಗೆ ಬಂದು ಹೇಳಿದ:

“ಮೇಡಂ, ಹದಿನೇಳಕ್ಕೆ ನೀವೊಮ್ಮೆ ಬರ್ತೀರಾ? ಹೆಂಗಸರು ಒಳಗೆ ಹೋದ್ರೆ ಏನೂ ತೊಂದರೆ ಇಲ್ಲ. ನಾನು ಗೇಟಿನ ಹತ್ರ ನಿಲ್ತೇನೆ.”

“ನೋಡುವ” ಎಂದೆ.

ನೋಡಲಿಲ್ಲ. ಎರಡನೆಯ ತಿಂಗಳು ಅವನು ಮತ್ತೆ ನೆನಪಿಸಿದ. ಪರೀಕ್ಷೆಯ ಕೆಲಸ ಉಂಟು ಎಂದೆ. ಮೂರನೆಯ ತಿಂಗಳು ಅವನು ಕೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ತಿಂಗಳೂ ಅದೇ ಮಾತು, ಅದೇ ದುಂಡು ಅಕ್ಷರ: ‘ಐಸಮ್ಮ ಇದ್ದತ್ತಿನಲ್ಲಿದ್ದಾರೆ. ಬಾವಿಗೆ ಹೋಗಲಿಲ್ಲ.’

ವರದಿ ಕಳಿಸುವ ಕಡೆಯ ದಿನ ಬಂತು. ಕಂಪ್ಯೂಟರಿನಲ್ಲಿ ತುಂಬುವ ನಮೂನೆ ಅದು. ಒಂದು ಅಂಕಿ ಖಾಲಿ ಬಿಟ್ಟರೂ ಕೆಂಪು ನಕ್ಷತ್ರ ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ಎರಡು ಸಲ ಪ್ರಯತ್ನಿಸಿದೆ. ಮೂರನೆಯ ಸಲ — ಹಿಂದಿನ ವರ್ಷದ ಅದೇ ತಿಂಗಳುಗಳ ಅಂಕಿ ತೆಗೆದು, ಸ್ವಲ್ಪ ಆಚೀಚೆ ಮಾಡಿ ತುಂಬಿದೆ. ಹತ್ತು ನಿಮಿಷದ ಕೆಲಸ. ಗ್ರಾಫಿನ ಗೆರೆ ಚೆಂದ ಬಂತು. ನನಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ನಮೂನೆಯ ಕೊನೆಯಲ್ಲಿ ‘ವಿಶೇಷ ಸೂಚನೆ’ ಎಂದು ಅರ್ಧ ಪುಟದಷ್ಟು ಜಾಗ ಇತ್ತು. ಜಯಂತನ ಒಂದು ಸಾಲನ್ನು ಅಲ್ಲಿ ಹಾಕಿ, ಕಚೇರಿಗೆ ಒಂದು ಫೋನ್ ಮಾಡಿದ್ದರೆ ದಾರಿ ಸಿಗುತ್ತಿತ್ತೋ ಏನೋ. ನಾನು ಅಲ್ಲಿ ‘ಇಲ್ಲ’ ಎಂದು ಬರೆದೆ.

ಎಂಟು ತಿಂಗಳ ಮೇಲೆ ಪರಿಶೀಲನೆಗೆಂದು ಬೆಂಗಳೂರಿನಿಂದ ಒಬ್ಬ ತಜ್ಞರು ಬಂದರು. ನಾಲ್ಕೈದು ಬಾವಿ ತೋರಿಸಿ, ಕೊನೆಗೆ ಐಸಮ್ಮನ ಮನೆಗೆ ಕರೆದುಕೊಂಡು ಹೋದೆವು. ಇದ್ದತ್ತು ಮುಗಿದು ಎಷ್ಟೋ ಕಾಲವಾಗಿತ್ತು; ಐಸಮ್ಮ ಜಗಲಿಗೆ ಬಂದು, ಸೊಸೆಯ ಕೈಯಲ್ಲಿ ಶರಬತ್ತು ಕೊಡಿಸಿದರು. ಜಯಂತ ಬಾವಿಗೆ ಟೇಪು ಇಳಿಸುತ್ತಿದ್ದ. ತಜ್ಞರು ಸುಮ್ಮನೆ ಮಾತಿಗೆಂದು, ಇವರು ತಿಂಗಳು ತಿಂಗಳು ಬರುತ್ತಾರಾ ಎಂದು ಕೇಳಿದರು. ಐಸಮ್ಮನಿಗೆ ಹೇಳಿ ಮುಗಿಯದು.

“ಭಾರೀ ಒಳ್ಳೆ ಜನ ಸಾರ್. ನಾನು ಇದ್ದತ್ತಿಗೆ ಕೂತ ನಾಲ್ಕು ತಿಂಗಳು ಈ ಅಂಗಳಕ್ಕೆ ಕಾಲು ಸಹ ಇಡ್ಲಿಲ್ಲ. ಗೇಟಿನ ಹತ್ರ ನಿಂತು ಸೊಸೆ ಹತ್ರ ಕೇಳಿ ಹೋಗುದು. ನಮ್ಮ ಮನೆಯವರಿಗೂ ಇಷ್ಟು ಮರ್ಯಾದೆ ಇಲ್ಲ.”

ತಜ್ಞರು ಗ್ಲಾಸು ಕೆಳಗಿಟ್ಟು ವರದಿಯ ಪುಟ ಮಗುಚಿದರು. ಬೆರಳಿಟ್ಟು ಓದಿದರು. ಆಮೇಲೆ ನನ್ನನ್ನು ನೋಡಿದರು.

“ಹಾಗಾದ್ರೆ ಈ ನಾಲ್ಕು ಅಳತೆ ಯಾರು ಕೊಟ್ಟಿದ್ದು?”

“ಫೀಲ್ಡಿನಿಂದ ಬಂದದ್ದು ಸರ್. ನಾನು ಒಟ್ಟು ಸೇರಿಸಿದ್ದು ಮಾತ್ರ.”

ಅಷ್ಟೇ. ಯೋಚಿಸಿ ಹೇಳಿದ್ದಲ್ಲ — ಆದರೆ ಯೋಚಿಸದೆ ಬಂದ ಮಾತು ಇದೇ ಆಯಿತಲ್ಲ. ಜಯಂತ ಐದಾರು ಮಾರು ದೂರದಲ್ಲಿದ್ದ. ಕೇಳಿಸಿತ್ತು. ನೋಟ್‌ಬುಕ್ಕು ಅವನ ಹೆಗಲ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಟೇಪನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಸುತ್ತುತ್ತಿದ್ದ.

ಮರುವಾರ ಟೇಪು, ಗುರುತಿನ ಚೀಟಿ, ನೋಟ್‌ಬುಕ್ಕು ಎಲ್ಲವನ್ನೂ ನನ್ನ ಮೇಜಿನ ಮೇಲೆ ತಂದಿಟ್ಟ. ಅವನು ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ —

“ಪುಸ್ತಕ ನಿಮ್ಮ ಹತ್ರವೇ ಇರಲಿ ಮೇಡಂ. ನಾನು ಬರ್ದದ್ದು ಅದ್ರಲ್ಲಿ ಉಂಟು” ಎಂದು ಹೇಳಿ ಹೋದ.

ಮುಂದಿನ ಪ್ರಗತಿ ವರದಿಯಲ್ಲಿ ನಾನೇ ಬರೆದೆ: ‘ದೋಷ ಗಮನಕ್ಕೆ ಬಂದಿದೆ. ಸಂಬಂಧಪಟ್ಟ ಸಹಾಯಕರನ್ನು ಕೈಬಿಡಲಾಗಿದೆ.’ ಇಂಥ ವರದಿಗಳಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾನಾಗಿ ಆಗುತ್ತದೆ. ಪಿಎಚ್.ಡಿ.ಗೆ ಬೇಕೆಂದು ಅವನು ಅನುಭವ ಪತ್ರ ಕೇಳಿ ಬರೆದ. ಕೊಟ್ಟರೆ ನನ್ನ ವರದಿಗೇ ವಿರುದ್ಧವಾಗುತ್ತಿತ್ತು. ಉತ್ತರಿಸಲಿಲ್ಲ. ಐಸಮ್ಮ ಕೂಡ ಸಿಕ್ಕಾಗ ಕೇಳಿದರು, ಜಯಂತ ಯಾಕೆ ಬರುವುದಿಲ್ಲ ಎಂದು. ಬೇರೆ ಕೆಲಸ ಸಿಕ್ಕಿತು ಎಂದೆ. ಅವರಿಗೆ ಸಂತೋಷವಾಯಿತು.

ಅವನು ಪಿಎಚ್.ಡಿ. ಮಾಡಲಿಲ್ಲ. ಫರಂಗಿಪೇಟೆಯ ಒಂದು ಪಂಪುಸೆಟ್ಟಿನ ಅಂಗಡಿಯಲ್ಲಿದ್ದಾನೆ. ಬಂಟ್ವಾಳದ ಕಡೆಯಿಂದ ಮಂಗಳೂರಿಗೆ ಹೋಗುವಾಗ ಬಸ್ಸಿನಿಂದ ಎಷ್ಟೋ ಸಲ ಕಂಡಿದ್ದೇನೆ. ಕಂಡಾಗೆಲ್ಲ ಮುಖ ಆಚೆ ತಿರುಗಿಸಿದ್ದೇನೆ.

ನಿವೃತ್ತಿಯಾದ ಮೇಲೆ, ಹೊಸ ಅಧ್ಯಾಪಕರಿಗೆ ಪ್ರಗತಿ ವರದಿ ಬರೆಯುವುದನ್ನು ಕಲಿಸಲು ನನ್ನನ್ನು ಕರೆದರು! ಹೋದೆ, ಶಾಲು ಹೊದೆಸಿಕೊಂಡೆ. ಒಬ್ಬಳು ಹುಡುಗಿ ಎದ್ದು ಕೇಳಿದಳು: “ಮೇಡಂ, ಅಳತೆ ಸಿಗದ ತಿಂಗಳಿಗೆ ಏನು ಬರಿಯುದು?” ಸಿಗಲಿಲ್ಲ ಎಂದೇ ಬರೆಯಿರಿ, ಕಾರಣ ಬರೆಯಿರಿ ಎಂದೆ. ಅವಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡಳು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಊಟಕ್ಕೂ ನಿಲ್ಲದೆ ಮನೆಗೆ ಬಂದೆ.

ಕಪಾಟಿನಿಂದ ನೋಟ್‌ಬುಕ್ಕು ತೆಗೆದೆ. ಆ ನಾಲ್ಕು ಪುಟಗಳ ಪ್ರತಿಯಿಟ್ಟು, ನಡೆದದ್ದನ್ನು ಅನುದಾನದ ಕಚೇರಿಗೆ ಬರೆದೆ. ‘ನಾನು ತುಂಬಿದೆ. ನಾನು ಸುಳ್ಳು ಹೇಳಿದೆ’ ಎಂದೇ ಬರೆದೆ. ನಿನ್ನೆ ಆ ಪತ್ರದ ಒಂದು ಪ್ರತಿ ಮತ್ತು ನೋಟ್‌ಬುಕ್ಕು ಹಿಡಿದು ಫರಂಗಿಪೇಟೆಯಲ್ಲಿ ಇಳಿದೆ.

ಜಯಂತ ನಿಂತೇ ಓದಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಓದಿ, ಮಡಚಿ, ಕಿಸೆಗೆ ಹಾಕಿಕೊಂಡ. ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ.

“ಐಸಮ್ಮ ಇದ್ದಾರಲ್ಲ ಮೇಡಂ?”

“ಇದ್ದಾರೆ.”

“ನಾನು ಮತ್ತೆ ಆ ಕಡೆ ಹೋಗ್ಲೇ ಇಲ್ಲ. ಹೋದ್ರೆ ಕೇಳ್ತಾರೆ. ಹೇಳಿದ್ರೆ, ತಾನು ಹೊಗಳಿದ್ದರಿಂದ ಹೀಗಾಯ್ತು ಅಂತ ಎಣಿಸ್ತಾರೆ.” ನೋಟ್‌ಬುಕ್ಕನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟ. “ಅವರಿಗೆ ನೀವೇ ಹೇಳಿ.”

ಹೇಳಬೇಕು. ನಾಳೆ ಬೆಳಿಗ್ಗೆ ಹೋಗುತ್ತೇನೆ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬಸ್ಸು. ಅಲ್ಲಿಂದ ಸೇತುವೆ ದಾಟಿದರೆ ಪಾಣೆಮಂಗಳೂರು. ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆಗಲೂ ಅಷ್ಟೇ ಇತ್ತು.